ವರ್ಣತಂತು ಪರೀಕ್ಷೆಯ ವರದಿಯನ್ನು ಓದುವ ಬಗೆ

ಚೊಚ್ಚಲ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದೆಂದು ಮಕ್ಕಳ ವೈದ್ಯರು ಸಂಶಯಪಟ್ಟು, ಮಗುವಿನ ಜೊತೆಗೆ ತಂದೆತಾಯಿಯ ರಕ್ತವೂ ಪರೀಕ್ಷೆಗೆ ಹೋಗಿ, ಮೂರು ವಾರದ ಬಳಿಕ ಮೂರು ವರದಿಗಳು ಒಟ್ಟಿಗೆ ಕೈಸೇರಿದ ಒಂದು ಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ಮಗುವಿನ ವರದಿ 46 ಎಂದು ಶುರುವಾಗುತ್ತಿತ್ತು. ತಾಯಿಯದು 45 ಎಂದು. ಮನುಷ್ಯರಿಗೆ 46 ವರ್ಣತಂತುಗಳಿರುತ್ತವೆ ಎಂದು ಶಾಲೆಯಲ್ಲಿ ಓದಿದ್ದ ಆ ತಾಯಿ, "ಮಗೂದು ಸರಿಯಾಗೇ ಇದೆ, ಕಡಿಮೆ ಇರೋದು ನಂಗೆ" ಎಂದು ಹೇಳಿ ಆ ಹಾಳೆಯನ್ನು ಮಡಚಿಟ್ಟರು. ಅವರ ಎರಡೂ ತೀರ್ಮಾನಗಳು ತಪ್ಪಾಗಿದ್ದವು. ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು, ತಾಯಿ ಪೂರ್ಣ ಆರೋಗ್ಯವಂತೆಯಾಗಿದ್ದರು, ಮತ್ತು ಎರಡೂ ವರದಿಗಳು ಸರಿಯಾಗಿಯೇ ಇದ್ದವು.

ಇಂಥ ವರದಿಯನ್ನು ಕೈಯಲ್ಲಿ ಹಿಡಿದವರಿಗಾಗಿ ಈ ಬರಹ. ಇಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ಎಷ್ಟಿವೆ ಎಂದು ಎಣಿಸಿ ನಿಲ್ಲಬೇಡಿ, ಯಾವ ಭಾಗ ಹೆಚ್ಚಾಗಿದೆ, ಯಾವ ಭಾಗ ಇಲ್ಲವಾಗಿದೆ ಎಂದು ನೋಡಿ.

ರಕ್ತ ಕೊಡುವ ಮೊದಲು

ವರ್ಣತಂತುಗಳು ಸದಾ ಕಾಣುವ ವಸ್ತುಗಳಲ್ಲ. ಜೀವಕೋಶ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗ ಅದರೊಳಗಿನ ಡಿಎನ್‌ಎ ಬಿಡಿಸಿಟ್ಟ ನೂಲಿನಂತೆ ಕೋಶಕೇಂದ್ರದ ತುಂಬ ಹರಡಿಕೊಂಡಿರುತ್ತದೆ. ಕೋಶ ಎರಡಾಗುವ ಹೊತ್ತಿನಲ್ಲಿ ಮಾತ್ರ ಆ ನೂಲು ಬಿಗಿಯಾಗಿ ಸುತ್ತಿಕೊಂಡು, ಬಣ್ಣ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ಕಾಣುವಷ್ಟು ದಪ್ಪವಾಗುತ್ತದೆ. ಬಣ್ಣವನ್ನು ಚೆನ್ನಾಗಿ ಹೀರುವ ಈ ಗುಣದಿಂದಲೇ ಜರ್ಮನಿಯ ವಾಲ್ಡಯರ್ 1888ರಲ್ಲಿ ಇದಕ್ಕೆ 'ಬಣ್ಣದ ಕಾಯ' ಎಂಬ ಅರ್ಥದ ಕ್ರೋಮೋಸೋಮ್ ಎಂಬ ಹೆಸರಿಟ್ಟರು. ಕನ್ನಡದ 'ವರ್ಣತಂತು' ಅದಕ್ಕಿಂತ ಚೆನ್ನಾದ ಹೆಸರೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಬಣ್ಣದ ಜೊತೆಗೆ ನೂಲೂ ಇದೆ.

ಆದ್ದರಿಂದ ಈ ಪರೀಕ್ಷೆಗೆ ಜೀವಂತ ಕೋಶಗಳು ಬೇಕು. ರಕ್ತದ ಕೆಂಪು ಕಣಗಳಲ್ಲಿ ಕೋಶಕೇಂದ್ರವೇ ಇಲ್ಲದ ಕಾರಣ ಬಿಳಿ ಕಣಗಳನ್ನು ಬಳಸುತ್ತಾರೆ. ಅವನ್ನು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾಮಾನ್ಯವಾಗಿ 72 ಗಂಟೆ ಬೆಳೆಸಿ, ವಿಭಜನೆಗೆ ಪ್ರಚೋದಿಸಿ, ಸರಿಯಾದ ಹಂತದಲ್ಲಿ ತಡೆದು ನಿಲ್ಲಿಸಿ, ತೆಳು ಉಪ್ಪುನೀರಿನಲ್ಲಿ ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹನಿಸಿ ಬಣ್ಣ ಹಾಕುತ್ತಾರೆ. ವರದಿಗೆ ಒಂದರಿಂದ ಮೂರು ವಾರ ಹಿಡಿಯುವುದು ಇದರಿಂದಲೇ. ಸಕ್ಕರೆ ಪರೀಕ್ಷೆಯಂತೆ ಸಂಜೆಗೆ ಕೇಳಿದರೆ ಸಿಗುವಂಥದ್ದಲ್ಲ. ರಕ್ತವನ್ನು ಹಸಿರು ಮುಚ್ಚಳದ, ಹೆಪಾರಿನ್ ಇರುವ ನಳಿಕೆಯಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಗಮನಿಸಿ. ನೇರಳೆ ಮುಚ್ಚಳದ ನಳಿಕೆಯಲ್ಲಿರುವ ಔಷಧ ಕೋಶಗಳು ಬೆಳೆಯಲು ಅಡ್ಡಿಯಾಗುತ್ತದೆ. ಹೆಪ್ಪುಗಟ್ಟಿದ ರಕ್ತದಿಂದಲೂ ಫ್ರೀಜರಿನಲ್ಲಿಟ್ಟ ರಕ್ತದಿಂದಲೂ ಪ್ರಯೋಜನವಿಲ್ಲ. ಊರಿನಿಂದ ಬೆಂಗಳೂರಿಗೆ ಮಾದರಿ ಹೋಗಬೇಕಾಗಿದ್ದರೆ ಶನಿವಾರ ಕೊಡುವ ಬದಲು ಸೋಮವಾರ ಬೆಳಗ್ಗೆ ಕೊಡುವುದು ಲೇಸು. 'ಕೋಶಗಳು ಬೆಳೆಯಲಿಲ್ಲ, ಮತ್ತೊಮ್ಮೆ ರಕ್ತ ಕೊಡಿ' ಎಂದು ಕರೆ ಬಂದರೆ ಗಾಬರಿಯಾಗಬೇಕಿಲ್ಲ. ಅದು ಮಾದರಿಯ ದೋಷ, ದೇಹದ ದೋಷವಲ್ಲ.

ಚಿತ್ರವನ್ನು ನೋಡುವುದು

ವರದಿಯ ಒಂದು ಪುಟದಲ್ಲಿ ಕಪ್ಪುಬಿಳುಪಿನ ಪಟ್ಟೆಗಳಿರುವ ಸಣ್ಣ ಕಡ್ಡಿಗಳನ್ನು ಜೋಡಿಜೋಡಿಯಾಗಿ ಸಾಲಿನಲ್ಲಿ ನಿಲ್ಲಿಸಿದ ಚಿತ್ರವಿರುತ್ತದೆ. ಇದನ್ನೇ ಕ್ಯಾರಿಯೋಟೈಪ್ ಎನ್ನುತ್ತಾರೆ. 1ರಿಂದ 22ರವರೆಗಿನ ಜೋಡಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಕೊನೆಗೆ ಲಿಂಗನಿರ್ಧಾರಕ ವರ್ಣತಂತುಗಳಾದ ಎಕ್ಸ್ ಮತ್ತು ವೈ ಇಡುವುದು ರೂಢಿ. 21ನೆಯದು 22ನೆಯದಕ್ಕಿಂತ ಚಿಕ್ಕದಾಗಿ ಕಂಡರೆ ಅದನ್ನು ತಪ್ಪೆಂದು ತಿಳಿಯಬೇಡಿ; ಹೆಸರಿಟ್ಟ ಮೇಲೆ ಅಳತೆ ತಿಳಿದದ್ದರಿಂದ ಆ ಸಂಖ್ಯೆಗಳು ಹಾಗೆಯೇ ಉಳಿದುಕೊಂಡಿವೆ.

ಪ್ರತಿ ಕಡ್ಡಿಯಲ್ಲೂ ಸೊಂಟದಂತೆ ಕಿರಿದಾದ ಒಂದು ಜಾಗವಿದೆ. ಅದು ಸೆಂಟ್ರೋಮಿಯರ್. ಅದರ ಮೇಲಿನ ಗಿಡ್ಡ ತೋಳಿಗೆ 'ಪಿ' ಎಂದೂ ಕೆಳಗಿನ ಉದ್ದ ತೋಳಿಗೆ 'ಕ್ಯೂ' ಎಂದೂ ಹೆಸರು. 'ಪಿ' ಬಂದದ್ದು ಚಿಕ್ಕದು ಎಂಬರ್ಥದ ಫ್ರೆಂಚ್ ಪದ 'ಪೆಟಿ'ಯಿಂದ. 'ಕ್ಯೂ' ಅಕ್ಷರಮಾಲೆಯಲ್ಲಿ ಅದರ ಮುಂದಿನದು. ಪಟ್ಟೆಗಳಿಗೆ ಸೆಂಟ್ರೋಮಿಯರಿನಿಂದ ತುದಿಯ ಕಡೆಗೆ ಸಂಖ್ಯೆ ಕೊಡುತ್ತಾ ಹೋಗುತ್ತಾರೆ. ಹಾಗಾಗಿ '22ಕ್ಯೂ11' ಎಂದರೆ 22ನೆಯ ವರ್ಣತಂತುವಿನ ಉದ್ದ ತೋಳಿನಲ್ಲಿ, ಒಂದನೆಯ ವಲಯದ ಒಂದನೆಯ ಪಟ್ಟೆ. ಅದನ್ನು ಮನೆಯ ವಿಳಾಸದಂತೆ ಓದಿಕೊಳ್ಳಬಹುದು: ಊರು, ಬೀದಿಯ ದಿಕ್ಕು, ಬೀದಿ, ಮನೆ.

ಸೂತ್ರದ ಸಾಲನ್ನು ಓದುವುದು

ವರದಿಯ ಜೀವಾಳ ಆ ಒಂದು ಸಾಲು. ಅದು ರೋಮನ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ; ಇಲ್ಲಿ ಅದನ್ನು ಉಚ್ಚರಿಸುವಂತೆ ಬರೆದಿದ್ದೇನೆ. ಮೊದಲು ಒಟ್ಟು ಸಂಖ್ಯೆ, ಅಲ್ಪವಿರಾಮ, ಲಿಂಗ ವರ್ಣತಂತುಗಳು, ಆ ಮೇಲೆ ಏನಾದರೂ ವ್ಯತ್ಯಾಸವಿದ್ದರೆ ಅದರ ವಿವರ. '46,ಎಕ್ಸ್‌ಎಕ್ಸ್' ಎಂದು ಮುಗಿದರೆ ಹೆಣ್ಣು, '46,ಎಕ್ಸ್‌ವೈ' ಎಂದು ಮುಗಿದರೆ ಗಂಡು, ಬೇರೆ ವ್ಯತ್ಯಾಸ ಕಂಡಿಲ್ಲ. '47,ಎಕ್ಸ್‌ವೈ,+21' ಎಂದರೆ 21ನೆಯದು ಒಂದು ಹೆಚ್ಚಾಗಿರುವ ಗಂಡುಮಗು, ಅಂದರೆ ಡೌನ್ ಸಿಂಡ್ರೋಮಿನ ಅತಿ ಸಾಮಾನ್ಯ ರೂಪ. '45,ಎಕ್ಸ್' ಎಂದರೆ ಒಂದೇ ಎಕ್ಸ್ ಇರುವ ಹೆಣ್ಣು, ಅಂದರೆ ಟರ್ನರ್ ಸಿಂಡ್ರೋಮ್. '47,ಎಕ್ಸ್‌ಎಕ್ಸ್‌ವೈ' ಎಂದರೆ ಎಕ್ಸ್ ಒಂದು ಹೆಚ್ಚಾಗಿರುವ ಗಂಡು, ಅಂದರೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಈ ಕೊನೆಯದು ಮಕ್ಕಳಾಗದ ಕಾರಣ ಪರೀಕ್ಷೆ ಮಾಡಿಸಿಕೊಂಡ ಪುರುಷರಲ್ಲಿ ಎಷ್ಟೋ ವೇಳೆ ಮೊದಲ ಬಾರಿಗೆ ಪತ್ತೆಯಾಗುತ್ತದೆ.

ಚೌಕ ಆವರಣದೊಳಗಿನ ಸಂಖ್ಯೆ ಎಷ್ಟು ಕೋಶಗಳನ್ನು ನೋಡಿದರು ಎಂಬುದರ ಲೆಕ್ಕ. ಸಾಮಾನ್ಯವಾಗಿ 20 ಕೋಶ ಎಣಿಸುತ್ತಾರೆ. '45,ಎಕ್ಸ್[8]/46,ಎಕ್ಸ್‌ಎಕ್ಸ್[22]' ಎಂದಿದ್ದರೆ 30 ಕೋಶಗಳ ಪೈಕಿ 8ರಲ್ಲಿ ಒಂದು ಎಕ್ಸ್ ಮಾತ್ರ ಇದೆ, 22ರಲ್ಲಿ ಎರಡೂ ಇವೆ ಎಂದರ್ಥ. ಒಬ್ಬರದೇ ದೇಹದಲ್ಲಿ ಹೀಗೆ ಎರಡು ಬಗೆಯ ಕೋಶಗಳಿರುವುದನ್ನು ಮೊಸಾಯಿಕ್ ಸ್ಥಿತಿ ಎನ್ನುತ್ತಾರೆ.

ಗರ್ಭಜಲ ಪರೀಕ್ಷೆಯ ವರದಿಯಲ್ಲಿ ಎಕ್ಸ್, ವೈ ಏನನ್ನೂ ಬರೆಯದೆ ಬಿಟ್ಟಿರುವುದನ್ನು ಕಂಡು ವರದಿ ಅಪೂರ್ಣವೆಂದು ಕೆಲವರು ದೂರುತ್ತಾರೆ. ಭ್ರೂಣದ ಲಿಂಗವನ್ನು ತಿಳಿಸುವುದನ್ನು 1994ರ ಕಾಯ್ದೆ ನಿಷೇಧಿಸಿರುವುದರಿಂದ ಹಾಗೆ ಬಿಟ್ಟಿರುತ್ತಾರೆ. ಆ ಕಾಯ್ದೆ ಏಕೆ ಬಂತೆಂಬುದು ನಮಗೆಲ್ಲ ಗೊತ್ತು. ದಯವಿಟ್ಟು ಕೇಳಬೇಡಿ, ಹೇಳುವಂತೆ ಯಾರನ್ನೂ ಒತ್ತಾಯಿಸಬೇಡಿ.

45 ಇದ್ದೂ ಆರೋಗ್ಯ, 46 ಇದ್ದೂ ತೊಂದರೆ: ಹೇಗೆ?

ಆ ತಾಯಿಯ ವರದಿಗೆ ಮರಳೋಣ. ಅದರಲ್ಲಿದ್ದದ್ದು '45,ಎಕ್ಸ್‌ಎಕ್ಸ್,ರಾಬ್(14;21)(ಕ್ಯೂ10;ಕ್ಯೂ10)'. ಕೆಲವು ಪ್ರಯೋಗಾಲಯಗಳು 'ರಾಬ್' ಬದಲು 'ಡೆರ್' ಎಂದು ಬರೆಯುತ್ತವೆ. ಅಮೆರಿಕದ ರಾಬರ್ಟ್‌ಸನ್ 1916ರಲ್ಲಿ ಮಿಡತೆಗಳಲ್ಲಿ ಎರಡು ವರ್ಣತಂತುಗಳು ಬೆಸೆದುಕೊಂಡು ಒಂದಾಗುವ ಬಗೆಯನ್ನು ವಿವರಿಸಿದ್ದರಿಂದ ಈ ಬೆಸುಗೆಗೆ ಅವರ ಹೆಸರು ಉಳಿದಿದೆ. ಮನುಷ್ಯರಲ್ಲಿ 13, 14, 15, 21 ಮತ್ತು 22ನೆಯ ವರ್ಣತಂತುಗಳ ಗಿಡ್ಡ ತೋಳು ತೀರ ಗಿಡ್ಡ. ಅದರಲ್ಲಿರುವ ಮುಖ್ಯ ಜೀನ್‌ಗಳ ಪ್ರತಿಗಳು ಈ ಐದು ಜೋಡಿಗಳಲ್ಲಿ ಹಂಚಿಹೋಗಿರುವುದರಿಂದ ಎರಡು ಗಿಡ್ಡ ತೋಳುಗಳು ಕಳೆದುಹೋದರೂ ದೇಹಕ್ಕೆ ಕೊರತೆಯಾಗುವುದಿಲ್ಲ. ತಾಯಿಯಲ್ಲಿ 14ರ ಉದ್ದ ತೋಳೂ 21ರ ಉದ್ದ ತೋಳೂ ಬೆಸೆದು ಒಂದೇ ಕಡ್ಡಿಯಾಗಿದ್ದವು. ಎಣಿಸಿದರೆ 45, ಆದರೆ ಒಳಗಿನ ಸರಕು 46ರಷ್ಟೇ ಇತ್ತು. ಎರಡು ಚೀಲದ ಅಕ್ಕಿಯನ್ನು ಒಂದೇ ದೊಡ್ಡ ಚೀಲಕ್ಕೆ ತುಂಬಿದರೆ ಚೀಲ ಒಂದು ಕಡಿಮೆಯಾಗುತ್ತದೆಯೇ ಹೊರತು ಅಕ್ಕಿ ಕಡಿಮೆಯಾಗುವುದಿಲ್ಲ.

ತೊಂದರೆ ಬರುವುದು ಅಂಡಾಣು ತಯಾರಾಗುವಾಗ. ಜೋಡಿಗಳು ಬೇರೆಯಾಗಿ ಅರ್ಧರ್ಧ ಹಂಚಿಹೋಗಬೇಕಾದ ಆ ಹೊತ್ತಿನಲ್ಲಿ ಬೆಸೆದ ಕಡ್ಡಿ ಯಾವ ಕಡೆ ಹೋಗಬೇಕೆಂಬುದು ಗೊಂದಲವಾಗುತ್ತದೆ. ಕೆಲವು ಅಂಡಾಣುಗಳಿಗೆ ಬೆಸೆದ ಕಡ್ಡಿಯೂ ಬಿಡಿಯಾದ 21ನೆಯದೂ ಎರಡೂ ಸೇರಿಬಿಡುತ್ತವೆ. ತಂದೆಯಿಂದ ಇನ್ನೊಂದು 21 ಬಂದಾಗ ಮಗುವಿನಲ್ಲಿ 21ರ ಉದ್ದ ತೋಳು ಮೂರಾಗುತ್ತದೆ. ಆ ಮಗುವಿನ ಸೂತ್ರ '46,ಎಕ್ಸ್‌ವೈ,ರಾಬ್(14;21)(ಕ್ಯೂ10;ಕ್ಯೂ10),+21'. ಸಂಖ್ಯೆ 46ರಲ್ಲೇ ನಿಂತಿದೆ, ಆದರೆ ಸಾಲಿನ ತುದಿಯಲ್ಲಿರುವ '+21' ಎಲ್ಲವನ್ನೂ ಹೇಳುತ್ತಿದೆ. ಸಾಲನ್ನು ಕೊನೆಯವರೆಗೂ ಓದಬೇಕು ಎನ್ನುವುದು ಇದಕ್ಕಾಗಿಯೇ.

ಈ ವ್ಯತ್ಯಾಸ ಮುಂದಿನ ಮಗುವಿನ ವಿಚಾರದಲ್ಲಿ ಬಹಳ ಮುಖ್ಯ. ಡೌನ್ ಸಿಂಡ್ರೋಮ್ ಇರುವವರಲ್ಲಿ ನೂರಕ್ಕೆ ಸುಮಾರು 95 ಮಂದಿಯ ವರದಿ ಬಿಡಿಯಾದ ಮೂರನೆಯ 21 ಇರುವ 47ರದು. ಅದು ಬಹುಮಟ್ಟಿಗೆ ಆಕಸ್ಮಿಕ. ತಂದೆತಾಯಿಯ ವರ್ಣತಂತು ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಮತ್ತೆ ಹಾಗಾಗುವ ಸಂಭವ ಎಳೆಯ ವಯಸ್ಸಿನ ತಾಯಂದಿರಲ್ಲಿ ನೂರಕ್ಕೆ ಒಂದರ ಆಸುಪಾಸು. ಮೂರುನಾಲ್ಕು ಮಂದಿಯದು ಮಾತ್ರ ಬೆಸುಗೆಯ ಬಗೆ. ಆಗ ತಂದೆತಾಯಿ ಇಬ್ಬರೂ ಪರೀಕ್ಷಿಸಿಕೊಳ್ಳಲೇಬೇಕು. 14 ಮತ್ತು 21ರ ಬೆಸುಗೆಯನ್ನು ಹೊತ್ತವರು ತಾಯಿಯಾದರೆ ಮುಂದಿನ ಮಗುವಿಗೆ ಡೌನ್ ಸಿಂಡ್ರೋಮ್ ಬರುವ ಸಂಭವ ನೂರಕ್ಕೆ 10ರಿಂದ 15, ತಂದೆಯಾದರೆ ಒಂದರ ಸುತ್ತಮುತ್ತ. ಅಪರೂಪವಾಗಿ ಎರಡು 21ಗಳೇ ಒಂದಕ್ಕೊಂದು ಬೆಸೆದುಕೊಂಡಿದ್ದರೆ, ಅವರಿಗೆ ಹುಟ್ಟಿ ಉಳಿಯುವ ಮಕ್ಕಳೆಲ್ಲರಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಒಂದೇ ಕಾಯಿಲೆಯ ಹೆಸರಿನಡಿ ಇಷ್ಟು ಬೇರೆ ಬೇರೆ ಭವಿಷ್ಯಗಳು ಅಡಗಿರುವುದರಿಂದ, 'ನೋಡಿದರೇ ಗೊತ್ತಾಗುತ್ತೆ, ಪರೀಕ್ಷೆ ಏಕೆ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ತಾಯಿಯ ತಪ್ಪೇ?

ಈ ಪ್ರಶ್ನೆಯನ್ನು ನೇರವಾಗಿ ಯಾರೂ ಕೇಳುವುದಿಲ್ಲ. ಆದರೆ ಅತ್ತೆಮನೆಯ ಪಡಸಾಲೆಯಲ್ಲಿ ಅದು ಸುಳಿದಾಡುತ್ತಲೇ ಇರುತ್ತದೆ. ಗ್ರಹಣದ ದಿನ ಹೊರಗೆ ಬಂದಿದ್ದಳು, ಪಪ್ಪಾಯಿ ತಿಂದಿದ್ದಳು, ಭಾರ ಎತ್ತಿದ್ದಳು. ಇವುಗಳಲ್ಲಿ ಯಾವುದಕ್ಕೂ ಹೆಚ್ಚುವರಿ ವರ್ಣತಂತುವಿಗೂ ಸಂಬಂಧವಿಲ್ಲ. ಬಿಡಿಯಾದ ಮೂರನೆಯ 21 ಬಹುತೇಕ ಗರ್ಭ ನಿಲ್ಲುವ ಮೊದಲೇ ಅಂಡಾಣುವಿನಲ್ಲೋ ಕೆಲವೊಮ್ಮೆ ವೀರ್ಯಾಣುವಿನಲ್ಲೋ ಬಂದು ಸೇರಿರುತ್ತದೆ. ಆ ಮೇಲೆ ಬಂದ ಗ್ರಹಣ ಅದನ್ನು ತರಲೂ ಆರದು, ತಡೆಯಲೂ ಆರದು.

ವಯಸ್ಸಿನ ಪಾತ್ರ ಮಾತ್ರ ನಿಜ. ಹೆಣ್ಣಿನ ಅಂಡಾಣುಗಳು ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ವಿಭಜನೆಯನ್ನು ಶುರುಮಾಡಿ, ಅರ್ಧಕ್ಕೆ ನಿಂತು, ವರ್ಷಗಟ್ಟಲೆ ಕಾಯುತ್ತವೆ. ಕಾದಷ್ಟೂ ಜೋಡಿಗಳನ್ನು ಹಿಡಿದಿಟ್ಟ ಬಂಧ ಸಡಿಲವಾಗುತ್ತದೆ. 35ನೆಯ ವಯಸ್ಸಿನಲ್ಲಿ ಡೌನ್ ಸಿಂಡ್ರೋಮಿನ ಸಂಭವ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಹಾಗಿದ್ದರೂ ಹೆಚ್ಚಿನ ಹೆರಿಗೆಗಳು ಎಳೆಯ ವಯಸ್ಸಿನಲ್ಲೇ ಆಗುವುದರಿಂದ ಈ ಮಕ್ಕಳಲ್ಲಿ ಬಹುಪಾಲು 35 ದಾಟದ ತಾಯಂದಿರಿಗೇ ಹುಟ್ಟುತ್ತಾರೆ.

ಸುಮ್ಮನೆ ಹೆದರಿಸುವ ಪದಗಳು

'ಇನ್ವ್(9)(ಪಿ12ಕ್ಯೂ13)', '9ಕ್ಯೂಎಚ್+', '1ಕ್ಯೂಎಚ್+', '15ಪಿಎಸ್+', '22ಪಿಎಸ್+'. ಇಂಥವು ವರದಿಯಲ್ಲಿದ್ದರೆ, ಅದರಲ್ಲೂ ಮೊದಲನೆಯದಿದ್ದರೆ, ಇಡೀ ಮನೆ ನಿದ್ದೆಗೆಡುವುದನ್ನು ಕಂಡಿದ್ದೇನೆ. 9ನೆಯ ವರ್ಣತಂತುವಿನ ನಡುವಣ ಒಂದು ತುಂಡು ತಲೆಕೆಳಗಾಗಿ ಕೂತಿದೆ ಎಂಬುದು ಅದರ ಅರ್ಥ. ಜನಸಾಮಾನ್ಯರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇದು ಕಾಣಸಿಗುತ್ತದೆ, ಮತ್ತು ಅದನ್ನು ಸಹಜ ವೈವಿಧ್ಯವೆಂದೇ ಎಣಿಸುತ್ತಾರೆ. ಉಳಿದವು ಜೀನ್‌ಗಳು ವಿರಳವಾಗಿರುವ ಭಾಗಗಳು ಒಬ್ಬರಲ್ಲಿ ತುಸು ಉದ್ದವಾಗಿಯೂ ಇನ್ನೊಬ್ಬರಲ್ಲಿ ಗಿಡ್ಡವಾಗಿಯೂ ಇರುವುದರ ಗುರುತು, ಮೂಗಿನ ಉದ್ದದಂತೆ. ಇದನ್ನೇ ಕಾರಣವಾಗಿಟ್ಟುಕೊಂಡು ದುಬಾರಿ ಚಿಕಿತ್ಸೆಗೆ ಹೊರಡುವ ಮೊದಲು ಆನುವಂಶಿಕ ಸಲಹೆಗಾರರೊಬ್ಬರನ್ನು ಕಾಣುವುದು ಒಳ್ಳೆಯದು.

'ಟಿ' ಅಕ್ಷರದಿಂದ ಶುರುವಾಗುವ ಆವರಣವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 'ಟಿ(4;11)' ಎಂದಿದ್ದರೆ 4 ಮತ್ತು 11ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ. ಏನೂ ಕಳೆದಿಲ್ಲದಿದ್ದರೆ ಆ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಗರ್ಭ ಪದೇ ಪದೇ ಇಳಿದುಹೋಗಬಹುದು. ಹಾಗೆ ಗರ್ಭ ನಿಲ್ಲದ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಗಂಡನಲ್ಲೋ ಹೆಂಡತಿಯಲ್ಲೋ ಇಂಥ ಮರುಜೋಡಣೆ ಸಿಗುತ್ತದೆ. ಗಂಡನಲ್ಲೋ ಎಂಬ ಮಾತನ್ನು ಬೇಕೆಂದೇ ಮೊದಲು ಬರೆದಿದ್ದೇನೆ. ಹೆಂಡತಿಯ ರಕ್ತವನ್ನು ಮಾತ್ರ ಕೊಟ್ಟು ಬರುವುದು ಅರ್ಧ ಪರೀಕ್ಷೆ.

ಇತರ ಜೀವಿಗಳಿಂದ ಸಿಗುವ ನಿದರ್ಶನ

ಸಂಖ್ಯೆಯೊಂದೇ ಮುಖ್ಯವಲ್ಲ ಎಂದರೆ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ನಮ್ಮ ಮಲೆನಾಡಿನ ಕಾಡುಗಳಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿ ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಕ್ಷಿ. ಅದರ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತುಗಳು. ಸಸ್ತನಿಗಳಲ್ಲೇ ಇಷ್ಟು ಕಡಿಮೆ ಇರುವ ಪ್ರಾಣಿ ಬೇರೆ ಗೊತ್ತಿಲ್ಲ. ಅದರ ಹತ್ತಿರದ ನೆಂಟನಾದ ಚೀನಾದ ಕಾಡುಕುರಿಗೆ 46. ಎರಡೂ ನೋಡಲು ಒಂದೇ ತೆರ, ಜೀನ್‌ಗಳೂ ಹೆಚ್ಚುಕಡಿಮೆ ಅವೇ. ನಮ್ಮ ಕಾಡುಕುರಿಯ ವಂಶದಲ್ಲಿ ವರ್ಣತಂತುಗಳು ಒಂದಕ್ಕೊಂದು ಬೆಸೆಯುತ್ತಾ ಬಂದು ಕಡೆಗೆ ಕೆಲವೇ ಉದ್ದನೆಯ ಕಡ್ಡಿಗಳಾಗಿ ಉಳಿದವು. ಮನುಷ್ಯರಲ್ಲೂ ಹೀಗೆಯೇ ಆಗಿದೆ: ಚಿಂಪಾಂಜಿ, ಗೊರಿಲ್ಲಾಗಳಿಗೆ 48 ಇದ್ದರೆ ನಮಗೆ 46, ಏಕೆಂದರೆ ನಮ್ಮ ಪೂರ್ವಿಕರಲ್ಲಿ ಎರಡು ವರ್ಣತಂತುಗಳು ತುದಿಗೆ ತುದಿ ಕೂಡಿ ಇಂದಿನ 2ನೆಯದಾಯಿತು. ಆ ತಾಯಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ತಮ್ಮ ವರದಿಯ ಚಿತ್ರವನ್ನೇ ನೋಡುತ್ತಿದ್ದರು.

ಸಂಖ್ಯೆಗೂ ಜಾಣ್ಮೆಗೂ ದೇಹದ ಗಾತ್ರಕ್ಕೂ ನಂಟಿಲ್ಲ. ಈರುಳ್ಳಿಗೆ 16, ಭತ್ತಕ್ಕೆ 24, ರಾಗಿಗೆ 36, ಹಸುವಿಗೆ 60, ಕೋಳಿಗೂ ನಾಯಿಗೂ 78. ಜೋಡಿ ಕೂಡದಿರುವಾಗ ಮಾತ್ರ ಸಂಖ್ಯೆ ಮಾತಾಡುತ್ತದೆ: ಕುದುರೆಯ 64, ಕತ್ತೆಯ 62 ಸೇರಿ ಹುಟ್ಟಿದ ಹೇಸರಗತ್ತೆಗೆ 63, ಅದಕ್ಕೆ ಮರಿಗಳಾಗುವುದು ತೀರ ಅಪರೂಪ. ನಾವು ತಿನ್ನುವ ಬಾಳೆಹಣ್ಣುಗಳಲ್ಲಿ ಹೆಚ್ಚಿನವಕ್ಕೆ ಎರಡರ ಬದಲು ಮೂರು ಕಟ್ಟು ವರ್ಣತಂತುಗಳು, ಅಂದರೆ 33. ಸಮನಾಗಿ ಹಂಚಲು ಬಾರದ ಕಾರಣ ಬೀಜ ಕಟ್ಟುವುದಿಲ್ಲ. ಅರೇಬಿಕಾ ಕಾಫಿಗೆ 44, ರೋಬಸ್ಟಾಗೆ 22. ಗಿಡಗಳು ಇಡೀ ಕಟ್ಟು ಇಮ್ಮಡಿಯಾದರೂ ತಾಳಿಕೊಳ್ಳುತ್ತವೆ; ಮನುಷ್ಯರಿಗೆ ಅತಿ ಚಿಕ್ಕದಾದ 21 ಒಂದು ಹೆಚ್ಚಾದರೂ ಬದುಕಿನ ರೀತಿಯೇ ಬದಲಾಗುತ್ತದೆ.

ವರದಿ ಹೇಳಲಾರದ್ದು

ಬೆಟ್ಟದ ಮೇಲೆ ನಿಂತರೆ ಗದ್ದೆಯ ಬದುಗಳೆಲ್ಲ ಕಾಣುತ್ತವೆ, ತೆನೆಯೊಳಗಿನ ಜೊಳ್ಳು ಕಾಣುವುದಿಲ್ಲ. ಕ್ಯಾರಿಯೋಟೈಪ್ ಅಂಥ ನೋಟ. ಐದರಿಂದ ಹತ್ತು ದಶಲಕ್ಷ ಡಿಎನ್‌ಎ ಅಕ್ಷರಗಳಷ್ಟು ದೊಡ್ಡ ತುಂಡು ಹೆಚ್ಚುಕಡಿಮೆಯಾದರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಮಕ್ಕಳ ಹೃದಯದೋಷಕ್ಕೆ ಕಾರಣವಾಗುವ 22ಕ್ಯೂ11ರ ಸಣ್ಣ ಕೊರತೆ ಸಾಮಾನ್ಯವಾಗಿ ಇದರಲ್ಲಿ ತಪ್ಪಿಹೋಗುತ್ತದೆ. ಅದಕ್ಕೆ ಫಿಶ್ ಅಥವಾ ಮೈಕ್ರೋಅರೇ ಪರೀಕ್ಷೆ ಬೇಕು. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ ಕಂಡುಬರುವ ಕುಡಗೋಲು ರಕ್ತಕಣ ಕಾಯಿಲೆಗೆ ಕಾರಣ 11ನೆಯ ವರ್ಣತಂತುವಿನ ಒಂದೇ ಒಂದು ಅಕ್ಷರದ ಬದಲಾವಣೆ. ಅದನ್ನು ರಕ್ತದ ಬೇರೆ ಪರೀಕ್ಷೆಯಿಂದ ಪತ್ತೆ ಮಾಡುತ್ತಾರೆ. ಕ್ಯಾರಿಯೋಟೈಪಿನಲ್ಲಿ ಆ ರೋಗಿಯ ವರದಿ 46 ಎಂದು ನಿರ್ಮಲವಾಗಿಯೇ ಇರುತ್ತದೆ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 'ನಮ್ಮಿಬ್ಬರ ಕ್ಯಾರಿಯೋಟೈಪ್ ಚೆನ್ನಾಗಿದೆ, ಇನ್ನು ಭಯವಿಲ್ಲ' ಎಂಬ ಸಮಾಧಾನ ನಮ್ಮ ನಾಡಿನಲ್ಲಿ ಬಹಳ ಕಡೆ ಕೇಳುತ್ತದೆ. ಮಾವ ಮತ್ತು ಸೊಸೆಯ ಜೀನ್‌ಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದವು, ಅತ್ತೆಯ ಮಗ ಮತ್ತು ಮಾವನ ಮಗಳಲ್ಲಿ ಎಂಟನೆಯ ಒಂದು ಭಾಗ. ಇಬ್ಬರೂ ಮರೆಯಾಗಿ ಹೊತ್ತ ಒಂದೇ ದೋಷ ಮಗುವಿನಲ್ಲಿ ಕೂಡಿಕೊಳ್ಳುವುದೇ ಅಲ್ಲಿನ ಅಪಾಯ, ಮತ್ತು ಆ ದೋಷ ಇರುವುದು ಈ ಪರೀಕ್ಷೆಗೆ ಕಾಣದ ಮಟ್ಟದಲ್ಲಿ. ಮನೆತನದಲ್ಲಿ ಕಿವುಡುತನ, ಬುದ್ಧಿಮಾಂದ್ಯ, ಕಾರಣ ತಿಳಿಯದ ಶಿಶುಮರಣ ಆಗಿದ್ದರೆ ಅದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಯಾವ ಜೀನ್ ಪರೀಕ್ಷೆ ಬೇಕೆಂಬುದು ಆ ಮಾಹಿತಿಯಿಂದಲೇ ನಿರ್ಧಾರವಾಗುತ್ತದೆ.

ವರದಿ ಬಂದ ಮೇಲೆ

ಸಲಹೆಗಾರರ ಬಳಿ ಹೋಗುವಾಗ ಮೊಬೈಲಿನಲ್ಲಿ ತೆಗೆದ ಅರೆಬರೆ ಫೋಟೋ ಬೇಡ, ಚಿತ್ರವಿರುವ ಪುಟವೂ ಸೇರಿದಂತೆ ಇಡೀ ವರದಿ ಇರಲಿ. ಮೂರು ತಲೆಮಾರಿನ ವಂಶವೃಕ್ಷವನ್ನು ಮನೆಯಲ್ಲೇ ಕೂತು ಬರೆದುಕೊಳ್ಳಿ. ಇಳಿದುಹೋದ ಗರ್ಭಗಳನ್ನೂ ಹುಟ್ಟಿ ತೀರಿಕೊಂಡ ಕೂಸುಗಳನ್ನೂ ಅದರಲ್ಲಿ ಗುರುತಿಸಿ, ಏಕೆಂದರೆ ಹಿರಿಯರು ಸಾಮಾನ್ಯವಾಗಿ ಬದುಕುಳಿದವರನ್ನಷ್ಟೇ ಎಣಿಸಿ ಹೇಳುತ್ತಾರೆ. ಬೆಸುಗೆಯೋ ಅದಲುಬದಲೋ ಪತ್ತೆಯಾಗಿದ್ದರೆ ಅದು ತಂದೆಯ ಕಡೆಯಿಂದ ಬಂದದ್ದೇ, ತಾಯಿಯ ಕಡೆಯಿಂದ ಬಂದದ್ದೇ, ಅಥವಾ ಇವರಲ್ಲೇ ಹೊಸದಾಗಿ ಆದದ್ದೇ ಎಂದು ಕೇಳಿ. ಬಳುವಳಿಯಾಗಿ ಬಂದಿದ್ದರೆ ಒಡಹುಟ್ಟಿದವರಲ್ಲೂ ಅದಿರುವ ಸಂಭವ ಸುಮಾರು ಅರ್ಧಕ್ಕರ್ಧ. ನಾನು ಹೇಳಿದ ಆ ತಾಯಿಗೆ ಮದುವೆ ಗೊತ್ತಾಗಿದ್ದ ಒಬ್ಬ ತಂಗಿ ಇದ್ದಳು. ಸುದ್ದಿ ಹೊರಬಿದ್ದರೆ ಸಂಬಂಧ ಮುರಿದೀತೆಂಬ ಅಳುಕಿನಿಂದ ಮನೆಯವರು ಎರಡು ತಿಂಗಳು ಆ ವಿಷಯವನ್ನೇ ಎತ್ತಲಿಲ್ಲ. ಕಡೆಗೆ ಅಕ್ಕನೇ ವರದಿಯ ಜೆರಾಕ್ಸ್ ಪ್ರತಿಯೊಂದನ್ನು ತಂಗಿಯ ಕೈಗೆ ಕೊಟ್ಟು, ಇದನ್ನು ನೀನು ಗರ್ಭಿಣಿಯಾದ ಮೇಲೆ ತೋರಿಸಬೇಡ, ಮುಂಚೆಯೇ ತೋರಿಸು ಎಂದು ಹೇಳಿದರು.